ಬುಗುರಿಯ ಮೇಜಿನ ಕೊಡೆಗಳು

ಅವಳು ಕೂತು ಉಂಡದ್ದನ್ನು ಕಂಡವರಿಲ್ಲ. ತಟ್ಟೆಯನ್ನು ಎಡಗೈಯಲ್ಲಿ ಹಿಡಿದು ಒಲೆಗೂ ಬಾಗಿಲಿಗೂ ನಡುವೆ ಓಡಾಡುತ್ತಲೇ ನಾಲ್ಕು ತುತ್ತು ನುಂಗಿ, ಕೊನೆಯ ತುತ್ತು ಗಂಟಲಲ್ಲಿರುವಾಗಲೇ ತಟ್ಟೆ ತೊಳೆದು ಮಗುಚಿ ಹಾಕಿರುತ್ತಿದ್ದಳು. ಓಣಿಯವರು ಅವಳಿಗೆ ಬುಗುರಿ ಎಂದು ಹೆಸರಿಟ್ಟಿದ್ದರು. ಹಿಂದಿನಿಂದ ಅಂದುಕೊಳ್ಳುವ ಹೆಸರಲ್ಲ, ಎದುರಿಗೇ ಕರೆಯುತ್ತಿದ್ದರು. ಅವಳಿಗೂ ಬೇಜಾರಿರಲಿಲ್ಲ. ತಿರುಗುವುದು ನಿಂತರೆ ಬುಗುರಿ ಬಿದ್ದುಹೋಗುತ್ತದಲ್ಲ, ಅದಕ್ಕೇ ತಿರುಗುತ್ತೇನೆ ಎಂದು ತಾನೇ ನಗುತ್ತಿದ್ದಳು.

ಅವಳ ಗಂಡ ಗಡಿಯಾರ ರಿಪೇರಿ ಮಾಡುವವನು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆಯ ತನಕ ಒಂದೇ ಸ್ಟೂಲಿನ ಮೇಲೆ, ಒಂದೇ ಭಂಗಿಯಲ್ಲಿ. ಆ ಮನುಷ್ಯನಿಗೆ ಈ ಹೆಂಡತಿ ಹೇಗೆ ಗಂಟುಬಿದ್ದಳು ಎಂದು ಕೇಳದವರಿಲ್ಲ. ಅಂಗಡಿಯಲ್ಲಿರುವುದೆಲ್ಲ ನಿಂತುಹೋದ ಗಡಿಯಾರಗಳೇ, ಮನೆಯಲ್ಲಾದರೂ ಓಡುವುದೊಂದು ಇರಲಿ ಎಂದು ಕಟ್ಟಿಕೊಂಡೆ ಎಂದು ಅವನು ಹೇಳುತ್ತಿದ್ದ.

ಮನೆಯಲ್ಲಿ ಇನ್ನೊಬ್ಬಳಿದ್ದಳು, ಬುಗುರಿಯ ತಂಗಿ. ತಾಯಿ ತೀರಿಕೊಂಡಾಗ ಆ ಮಗು ಇನ್ನೂ ಅಂಬೆಗಾಲಿಡುತ್ತಿತ್ತು. ಅಂದಿನಿಂದ ಅಕ್ಕನೇ ತಾಯಿ. ಸೊಂಟದ ಮೇಲೆ ಹೊತ್ತು ತಿರುಗಿದಳು, ತಲೆ ಬಾಚಿದಳು, ಗುಂಡಿ ಹಾಕಿದಳು. ಹುಡುಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಬಗ್ಗುವುದರೊಳಗೆ ಅಕ್ಕ ಬಗ್ಗಿ ಹಾಕಿಯಾಗಿರುತ್ತಿತ್ತು. ಸೂಜಿಗೆ ದಾರ ಪೋಣಿಸಲು ಹೋದರೆ ಒಂದು ಸಲ ತಪ್ಪುತ್ತಲೇ ಇತ್ತ ಕೊಡು ಎಂದು ಕಿತ್ತುಕೊಳ್ಳುವಳು. ಹೀಗೆ ತಂಗಿಯ ಕೈ ಯಾವ ಕೆಲಸಕ್ಕೆ ಹೋದರೂ ಅರ್ಧ ದಾರಿಯಲ್ಲಿ ನಿಲ್ಲುವುದನ್ನು ಕಲಿಯಿತು. ಮದುವೆಯಾಗಿ ಹೋದವಳು ಆ ಸಂಸಾರ ಸರಿಬಾರದೆ ವಾಪಸು ಬಂದಳು. ಬಂದ ವಾರದಲ್ಲೇ ಅಕ್ಕ ಅವಳನ್ನು ತಾನು ಕೆಲಸ ಮಾಡುವ ಕೊಡೆ ಕಾರ್ಖಾನೆಗೆ ಸೇರಿಸಿದಳು. ಅಲ್ಲೂ ಅದೇ ಕೈ, ಅದೇ ಅರ್ಧ ದಾರಿ.

ಕಾರ್ಖಾನೆ ಎಂದರೆ ಒಂದು ಉದ್ದನೆಯ ತಗಡಿನ ಶೆಡ್ಡು. ನಡುವೆ ಎದೆಯೆತ್ತರದ ಒಂದು ಗೋಡೆ, ಆಚೆಗೊಂದು ಮೇಜು, ಈಚೆಗೊಂದು. ಒಂದು ಬಾಗಿಲ ಕಡೆಯದು, ಇನ್ನೊಂದು ಕಿಟಕಿ ಕಡೆಯದು. ಎರಡರಲ್ಲೂ ಒಂದೇ ಕೆಲಸ. ಮರದ ಅಚ್ಚು ಇಟ್ಟು ಬಟ್ಟೆಯನ್ನು ಮೂರು ಮೂಲೆಯ ತುಂಡುಗಳಾಗಿ ಕತ್ತರಿಸುವವರು, ಆ ತುಂಡುಗಳನ್ನು ಯಂತ್ರದಲ್ಲಿ ಜೋಡಿಸಿ ಹೊಲಿಯುವವರು, ಹೊಲಿದದ್ದನ್ನು ಕಡ್ಡಿಗಳ ಮೇಲೆ ಎಳೆದು ತುದಿ ತುದಿಗೆ ಕಟ್ಟುವವರು, ಕೊನೆಗೆ ಬಿಚ್ಚಿ ಮುಚ್ಚಿ ನೋಡುವವರು. ಇದರಲ್ಲೆಲ್ಲ ಕಷ್ಟದ್ದು ನೆತ್ತಿ. ಎಂಟೂ ತುಂಡುಗಳ ಚೂಪು ತುದಿಗಳು ಕೊಡೆಯ ತಲೆಯ ಮೇಲೆ ಬಂದು ಕೂಡುವ ಜಾಗ ಅದು. ಅಲ್ಲಿ ಎಳೆಯಷ್ಟು ಆಚೀಚೆಯಾದರೂ ಬಟ್ಟೆ ಒಂದು ಕಡೆಗೆ ಜಗ್ಗುತ್ತದೆ, ಒಂದು ಕಡ್ಡಿ ಸೊಟ್ಟಗಾಗುತ್ತದೆ, ಮೊದಲ ಮಳೆಗೇ ನೀರು ಹಿಡಿದವನ ಮೂಗಿನ ಮೇಲೆ ತೊಟ್ಟಿಕ್ಕುತ್ತದೆ.

ನೆತ್ತಿ ಕೂಡಿಸುವುದರಲ್ಲಿ ಬುಗುರಿಯದು ಎತ್ತಿದ ಕೈ. ಅವಳು ಹೊಲಿಯುವಾಗ ನೋಡಿದರೆ ಎಂಟು ತುದಿಗಳು ತಾವಾಗಿಯೇ ಓಡಿಬಂದು ಕೂಡಿಕೊಂಡಂತೆ ಕಾಣುತ್ತಿತ್ತು. ಹಾಗಾಗಿ ಬಾಗಿಲ ಮೇಜಿನ ಹಳೆಯ ಮುಖ್ಯಸ್ಥೆ ಕಣ್ಣು ಮಂಜಾಗಿ ಕೆಲಸ ಬಿಟ್ಟಾಗ ಯಜಮಾನ ಹಿಂದೆಮುಂದೆ ನೋಡದೆ ಬುಗುರಿಯನ್ನು ಆ ಜಾಗಕ್ಕೆ ಕೂರಿಸಿದ. ಕೂರಿಸಿದ ಎನ್ನುವುದು ಮಾತಿಗೆ. ಅವಳು ಕೂತರೆ ತಾನೇ?

ಮುಖ್ಯಸ್ಥೆಯಾದ ಮೇಲೆ ಅವಳ ಎರಡು ಕೈಗಳು ಇಪ್ಪತ್ತು ಕೈಗಳ ನಡುವೆ ನುಗ್ಗಿದವು. ಒಬ್ಬಳ ಕತ್ತರಿ ನಿಧಾನವಾದರೆ ಕತ್ತರಿ ಕಿತ್ತುಕೊಂಡು ತಾನೇ ಕತ್ತರಿಸಿ ಕೊಡುವಳು. ಇನ್ನೊಬ್ಬಳ ಹೊಲಿಗೆ ಸೊಟ್ಟಗಾದರೆ ಅವಳನ್ನು ಪಕ್ಕಕ್ಕೆ ಸರಿಸಿ ಬಿಚ್ಚಿ ಹೊಲಿಯುವಳು. ಬೈಯುತ್ತಿರಲಿಲ್ಲ, ಅದೊಂದು ಹೇಳಬೇಕು. ಒಂದು ಕೆಟ್ಟ ಮಾತು ಅವಳ ಬಾಯಿಂದ ಬಂದದ್ದಿಲ್ಲ. ಬಿಡು, ನಾನೇ ಮಾಡ್ತೀನಿ ಎನ್ನುವಳು, ಅಷ್ಟೇ. ಇನ್ನು ನೆತ್ತಿಯನ್ನಂತೂ ಯಾರೂ ಮುಟ್ಟುವುದೇ ಬಿಟ್ಟರು. ಉಳಿದದ್ದೆಲ್ಲ ಮುಗಿಸಿ, ನೆತ್ತಿ ಅಕ್ಕನಿಗೆ ಎಂದು ಮೇಜಿನ ತುದಿಯಲ್ಲಿ ಒಟ್ಟುವರು. ಅಲ್ಲಿ ನೆತ್ತಿಯಿಲ್ಲದ ಕೊಡೆಗಳ ಗುಡ್ಡೆ ಬೆಳೆಯುವುದು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವಳು ಆ ಗುಡ್ಡೆಯ ಮುಂದೆ ಒಂಟಿ ಕಾಲಿನಲ್ಲಿ ನಿಂತು ಹೊಲಿಯುವಳು. ಗುಡ್ಡೆ ಕರಗುವ ಹೊತ್ತಿಗೆ ಅತ್ತ ಯಾರೋ ಅಕ್ಕಾ ಎನ್ನುವರು, ಅವಳು ಓಡುವಳು. ತಿರುಗಿ ಬರುವಷ್ಟರಲ್ಲಿ ಗುಡ್ಡೆ ಮತ್ತೆ ಎದ್ದಿರುತ್ತಿತ್ತು.

ಕಿಟಕಿ ಕಡೆಯ ಮೇಜಿನ ಮುಖ್ಯಸ್ಥ ತೂಕಡಿಕೆ ಮಾಮ. ನರೆತ ಮೀಸೆ, ಅರ್ಧ ಮುಚ್ಚಿದ ಕಣ್ಣು, ಮಡಿಲಲ್ಲಿ ಸುಮ್ಮನೆ ಬಿದ್ದ ಕೈಗಳು. ಅವನು ಸೂಜಿ ಹಿಡಿದದ್ದನ್ನು ಬುಗುರಿ ನೋಡಿರಲಿಲ್ಲ. ಅವನ ಮೇಜಿನ ಮೇಲೆ ಗೋಡೆಯಿಂದ ಗೋಡೆಗೆ ಒಂದು ಹಗ್ಗ ಕಟ್ಟಿತ್ತು. ಯಾರ ಕೈಯಲ್ಲಿ ಕೊಡೆ ಕೆಟ್ಟರೂ ಅವರು ಅದನ್ನು ಬಚ್ಚಿಡುವಂತಿಲ್ಲ, ನಂದು ಕೆಟ್ಟಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹಗ್ಗಕ್ಕೆ ತಗುಲಿಸಬೇಕು. ಬೆಳಗ್ಗೆ ಯಂತ್ರ ಶುರುವಾಗುವ ಮುಂಚೆ ಮಾಮ ಒಂದನ್ನು ಇಳಿಸಿ, ಮಾಡಿದವಳ ಕೈಯಲ್ಲೇ ಬಿಚ್ಚಿಸಿ, ಇದು ಯಾಕೆ ಹೀಗಾಯ್ತು ಎಂದು ಕೇಳುವನು. ಒಬ್ಬಳು ಒಂದು ಹೇಳುವಳು, ಇನ್ನೊಬ್ಬಳು ಇನ್ನೊಂದು, ವಾದ, ನಗು, ಗಲಾಟೆ. ಇದೇನು ಸಂತೆಯೋ ಕಾರ್ಖಾನೆಯೋ ಎಂದು ಗೋಡೆಯ ಈಚೆಯಿಂದ ಬುಗುರಿ ಹಲ್ಲು ಕಡಿಯುವಳು. ಅಷ್ಟು ಹೊತ್ತಿಗೆ ಅವಳ ಮೇಜಿನಲ್ಲಿ ಕೆಲಸ ಶುರುವಾಗಿ ಬಿಸಿ ಏರಿರುತ್ತಿತ್ತು.

ಒಂದು ದಿನ ಅವಳು ಗೋಡೆಯ ಮೇಲಿಂದ ಬಗ್ಗಿ, "ಏನ್ ಮಾಮ, ಬಾವಲಿ ಸಾಕ್ತಿದ್ದೀಯಾ?" ಎಂದಳು.

"ಕಣ್ಣಿಗೆ ಕಂಡ ಬಾವಲಿನ ಓಡಿಸ್ಬೋದು ತಾಯಿ," ಎಂದ ಮಾಮ, ಕಣ್ಣು ತೆರೆಯದೆ. "ನಿನ್ನವು ಎಲ್ಲಿ ಗೂಡು ಕಟ್ಟಿವೆಯೋ."

ಅವಳಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳಲು ನಿಲ್ಲಬೇಕಿತ್ತು, ನಿಲ್ಲುವ ಅಭ್ಯಾಸ ಅವಳಿಗಿರಲಿಲ್ಲ.

ಆ ಬೇಸಿಗೆಯಲ್ಲಿ ಯಜಮಾನ ಇಬ್ಬರನ್ನೂ ಕರೆದ. ಶೆಡ್ಡಿನ ಬಾಡಿಗೆ ಏರಿದೆ, ಕಳೆದ ಮಳೆಗಾಲಕ್ಕೆ ಕೊಂಡವರು ಹೊಲಿಗೆಯ ಸಂದಿಯಲ್ಲಿ ಸೋರುವ ಕೊಡೆಗಳನ್ನು ವಾಪಸು ಕಳಿಸುತ್ತಿದ್ದಾರೆ, ಕಿಟಕಿ ಮೇಜು ತನ್ನ ಖರ್ಚು ತಾನು ಹೊರುತ್ತಿದೆ, ಬಾಗಿಲ ಮೇಜು ಹೊರುತ್ತಿಲ್ಲ. ಮಳೆ ಶುರುವಾಗುವುದರೊಳಗೆ ಇದು ಸರಿಯಾಗದಿದ್ದರೆ ಅರ್ಧ ಶೆಡ್ಡು ಬಿಟ್ಟುಕೊಡುತ್ತೇನೆ, ಆ ಮೇಜಿನವರು ಬೇರೆ ಕಡೆ ಕೆಲಸ ನೋಡಿಕೊಳ್ಳಬೇಕು ಎಂದ. ಬುಗುರಿಗೆ ಮೊದಲು ಕಣ್ಣಮುಂದೆ ಬಂದದ್ದು ತಂಗಿ. ಈ ಕೆಲಸವೂ ಹೋದರೆ ಅವಳನ್ನು ಯಾರು ತೆಗೆದುಕೊಳ್ಳುತ್ತಾರೆ?

ಅಂದಿನಿಂದ ಬುಗುರಿ ಇನ್ನೂ ಜೋರಾಗಿ ತಿರುಗಿದಳು. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋದಳು. ನೀರು ಕುಡಿಯಲು ಹೋದವಳ ಜಾಗದಲ್ಲಿ ತಾನು ನಿಂತು ಹೊಲಿದಳು. ಅವಳು ಹೆಚ್ಚು ಓಡಿದಷ್ಟೂ ಮೇಜಿನವರು ಹೆಚ್ಚು ಕಾದರು. ಒಬ್ಬೊಬ್ಬಳೂ ಕೆಲಸವನ್ನು ಮುಂದೆ ಇಟ್ಟುಕೊಂಡು, ಅಕ್ಕ ಈ ಕಡೆ ಯಾವಾಗ ಬರುತ್ತಾಳೆ ಎಂದು ಕತ್ತು ಉದ್ದ ಮಾಡಿ ಕೂತಿರುತ್ತಿದ್ದಳು. ಬುಗುರಿಗೆ ಇದು ಕಾಣಲಿಲ್ಲ. ಅವಳಿಗೆ ಕಂಡದ್ದು ಮಂದ ಕೈಗಳು ಮಾತ್ರ. ನನಗೆ ಸಿಕ್ಕವರೆಲ್ಲ ಕೈಲಾಗದವರು, ಮಾಮನಿಗೆ ಸಿಕ್ಕವರೆಲ್ಲ ಬೆಂಕಿಚೆಂಡುಗಳು, ನಿದ್ದೆ ಹೊಡೆಯುವವನಿಗೆ ಎಂಥ ಅದೃಷ್ಟ ಎಂದು ಗಂಡನ ಮುಂದೆ ಹೊಟ್ಟೆ ಉರಿದುಕೊಂಡಳು. ಗಂಡ ಭೂತಗನ್ನಡಿಯ ಕಣ್ಣನ್ನು ಎತ್ತದೆ, ತಟ್ಟೆ ಕೆಳಗಿಟ್ಟು ಮಾತಾಡು, ಅನ್ನ ನೆಲಕ್ಕೆ ಬೀಳುತ್ತಿದೆ ಎಂದ.

ಮರುದಿನ ಅವಳು ಯಜಮಾನನ ಎದುರು ಹೋಗಿ ನಿಂತಳು. ಮಾಮನ ಜನರನ್ನು ನನಗೆ ಕೊಡಿ, ನನ್ನವರನ್ನು ಅವನು ಇಟ್ಟುಕೊಳ್ಳಲಿ, ಆಗ ನೋಡಿ ಯಾವ ಮೇಜು ಏನು ಮಾಡುತ್ತದೆ ಎಂದು ಕೇಳಿದಳು. ಯಜಮಾನ ಕಿವಿ ಕೆರೆದುಕೊಂಡ. ಅವನಿಗೂ ಅದೇ ಅನುಮಾನ ಇದ್ದಿರಬೇಕು. ಮಾಮನನ್ನು ಕರೆದು ಕೇಳಿದ. ಆಗಲಿ, ಆಮೇಲೆ ಅವಳು ತನ್ನವರನ್ನು ವಾಪಸ್ ಕೇಳಬಾರದು, ಅಷ್ಟೇ ಎಂದ ಮಾಮ.

ಎರಡೂ ಮೇಜಿನವರನ್ನು ಗೋಡೆಯ ಹತ್ತಿರ ನಿಲ್ಲಿಸಿ ವಿಷಯ ಹೇಳಿದಾಗ ಗುಜುಗುಜು ಎದ್ದಿತು. ಮಾಮನ ಮೇಜಿನಲ್ಲಿ ನಗಾರಿ ಎಂಬೊಬ್ಬಳಿದ್ದಳು. ಅವಳು ಪಿಸುಗುಟ್ಟಿದರೂ ಬೀದಿಯ ತುದಿಗೆ ಕೇಳುತ್ತಿತ್ತು, ಅದಕ್ಕೇ ಆ ಹೆಸರು. ನಮ್ಮನ್ನೇನು ಕುರ್ಚಿ ಸ್ಟೂಲು ಅಂದುಕೊಂಡಿರಾ, ಅಲ್ಲಿಂದ ಎತ್ತಿ ಇಲ್ಲಿ ಇಡೋಕೆ ಎಂದು ಅವಳು ಕೇಳಿದಳು. ಯಾಕೆ ಈ ಅದಲುಬದಲು ಎಂದು ಎಲ್ಲರೂ ಬುಗುರಿಯ ಮುಖ ನೋಡಿದರು. ಪಕ್ಷಪಾತ ಮಾಡುತ್ತಿಲ್ಲ ಎಂದು ತೋರಿಸಲು ಹೋಗಿ ಅವಳು ಆಡಬಾರದ ಮಾತು ಆಡಿಬಿಟ್ಟಳು.

"ನನ್ನವರ ಕೈ ಮಂದ. ಇದ್ದದ್ದನ್ನ ಹೇಳ್ತೀನಿ, ನನ್ನ ತಂಗೀನೂ ಸೇರಿಸೇ ಹೇಳ್ತಿದ್ದೀನಿ."

ಅಷ್ಟು ವರ್ಷ ಅಕ್ಕಾ ಅಕ್ಕಾ ಎಂದು ಹಿಂದೆ ಬಿದ್ದಿದ್ದವರೆಲ್ಲ ನೆಲ ನೋಡಿದರು. ತಂಗಿ ತನ್ನ ಕತ್ತರಿ ಮತ್ತು ನೀರಿನ ಸೀಸೆ ಎತ್ತಿಕೊಂಡು, ಎಲ್ಲರಿಗಿಂತ ಮೊದಲು ಕಿಟಕಿ ಕಡೆಗೆ ನಡೆದಳು. ಅಂದು ಸಂಜೆ ಮನೆಗೆ ಹೋಗುವಾಗ ಅಕ್ಕ ರಸ್ತೆಯ ಈ ಬದಿ, ತಂಗಿ ಆ ಬದಿ.

ಮೊದಲ ಕೆಲವು ದಿನ ಬುಗುರಿಯ ಮೇಜು ಹಾರಿತು. ನಗಾರಿ ಮತ್ತು ಅವಳ ಜೊತೆಯವರು ಯಾರನ್ನೂ ಕೇಳದೆ ಕತ್ತರಿಸಿದರು, ಹೊಲಿದರು, ನೆತ್ತಿಯನ್ನೂ ತಾವೇ ಕೂಡಿಸಿದರು. ಬುಗುರಿಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ನಾನು ಹೇಳಲಿಲ್ಲವೇ ಎಂದು ಯಜಮಾನನ ಕಡೆಗೆ ನೋಡಿದಳು. ಆಮೇಲೊಮ್ಮೆ ನಗಾರಿಯ ಕೈಯಲ್ಲಿ ಒಂದು ನೆತ್ತಿ ಸೊಟ್ಟಗಾಯಿತು. ನಂದು ಕೆಟ್ಟಿದೆ ಎಂದು ಅವಳು ಕೂಗಿ ಹೇಳಿ, ತಗುಲಿಸಲು ತಲೆ ಎತ್ತಿ ಹಗ್ಗ ಹುಡುಕಿದಳು. ಹಗ್ಗ ಇರಲಿಲ್ಲ. ಅವಳು ತಲೆ ಇಳಿಸುವಷ್ಟರಲ್ಲಿ ಕೊಡೆಯೂ ಇರಲಿಲ್ಲ. ಬುಗುರಿ ಅದನ್ನು ಎಳೆದುಕೊಂಡು, ಬಿಚ್ಚಿ, ಕೂಡಿಸಿ, ಪಕ್ಕಕ್ಕೆ ಎಸೆದಿದ್ದಳು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ನಗಾರಿ ಕೂಗಲಿಲ್ಲ.

ಅಲ್ಲಿಂದ ಮುಂದೆ ಆದದ್ದು ಹಾಲು ಒಡೆದ ಹಾಗೆ, ಎಲ್ಲಿ ಶುರುವಾಯಿತು ಎಂದು ತೋರಿಸಲಾಗದು. ಕತ್ತರಿಗಳು ನಿಧಾನವಾದವು. ಬೆಂಕಿಚೆಂಡುಗಳು ಕತ್ತು ಉದ್ದ ಮಾಡಿ ಕಾಯತೊಡಗಿದವು. ನೆತ್ತಿ ಅಕ್ಕನಿಗೆ ಎಂದು ಯಾರು ಮೊದಲು ಅಂದರೋ, ಮೇಜಿನ ತುದಿಯಲ್ಲಿ ಮತ್ತೆ ಗುಡ್ಡೆ ಎದ್ದಿತು.

ಬುಗುರಿಗೆ ತಲೆ ಕೆಟ್ಟುಹೋಯಿತು. ಅದೇ ಕೈಗಳಲ್ಲವೇ ಇವು? ಇದರಲ್ಲಿ ಏನೋ ಮಸಲತ್ತು ಇದೆ ಎಂದುಕೊಂಡು ಗೋಡೆ ಬಳಸಿ ಹೋಗಿ ಮಾಮನ ಮುಂದೆ ನಿಂತಳು. ಏನು ಹೇಳಿಕೊಟ್ಟು ಕಳಿಸಿದ್ದೀಯ ಇವರಿಗೆ ಎಂದು ಕೇಳಿದಳು. ಹೇಳಿಕೊಡಲು ಏನೂ ಉಳಿದಿರಲಿಲ್ಲ, ಅದಕ್ಕೇ ಕಳಿಸಿದೆ ಎಂದ ಮಾಮ.

ಅವನ ಮೇಜಿನ ಮೇಲೆ ಆಗ ಹಗ್ಗ ಜೋತುಬಿದ್ದು ತಲೆಗೆ ತಾಗುವಂತಿತ್ತು. ಅಷ್ಟೊಂದು ಕೆಟ್ಟ ಕೊಡೆಗಳು. ಎಲ್ಲ ಅವಳ ಹಳೆಯ ಜನರ ಕೈಯಲ್ಲಿ ಕೆಟ್ಟವು. ನೋಡಿ ಬುಗುರಿಗೆ ಒಳಗೊಳಗೇ ಸಮಾಧಾನವೇ ಆಯಿತು, ಮಂದ ಅಂದದ್ದು ಸುಳ್ಳಲ್ಲವಲ್ಲ ಎಂದು. ಆದರೆ ಆ ಕೊಡೆಗಳ ಕೆಳಗೆ ತಂಗಿ ಕೂತಿದ್ದಳು, ಅವಳ ಮಡಿಲಲ್ಲಿ ಒಂದು ನೆತ್ತಿ. ಮಾಮ ಹೊಸಬರಿಗೆಲ್ಲ ಮೊದಲು ಕಷ್ಟದ್ದನ್ನೇ ಕೊಡುತ್ತಿದ್ದ, ಚಿಂದಿ ಬಟ್ಟೆಯ ಮೇಲೆ. ತಂಗಿ ತುಟಿ ಕಚ್ಚಿಕೊಂಡು ಎಂಟನೆಯ ತುದಿಯನ್ನು ಎಳೆಯುತ್ತಿದ್ದಳು, ಅದು ಜಾರುತ್ತಿತ್ತು. ಬುಗುರಿಯ ಕೈ ತಾನಾಗಿಯೇ ಮುಂದೆ ಹೋಯಿತು.

ತಂಗಿ ಕೊಡೆಯನ್ನು ಬೆನ್ನ ಹಿಂದಕ್ಕೆ ಹಿಡಿದಳು. "ಬಿಡಕ್ಕ. ಇದು ನಂದು."

ಮಕ್ಕಳು ಆಟಿಕೆಯನ್ನು ಹಿಂದಕ್ಕೆ ಹಿಡಿಯುತ್ತಾರಲ್ಲ, ಹಾಗೆ. ಆದರೆ ಮಗುವಾಗಿದ್ದಾಗಲೂ ಅವಳು ಹಾಗೆ ಮಾಡಿದವಳಲ್ಲ. ಬುಗುರಿ ಬರಿಗೈಯಲ್ಲಿ ಈಚೆಗೆ ಬಂದಳು. ಕೈ ಬರಿದಾಗಿದೆ ಎಂಬುದು ಅವಳಿಗೆ ಗೋಡೆಯ ಈ ಬದಿಗೆ ಬಂದ ಮೇಲೆ ತಿಳಿಯಿತು.

ದಿನ ಕಳೆದ ಹಾಗೆ ಆಚೆಯ ಹಗ್ಗ ಮೆಲ್ಲಗೆ ಮೇಲೆದ್ದಿತು. ಕೊಡೆಗಳು ಒಂದೊಂದಾಗಿ ಇಳಿದವು. ಬೆಳಗಿನ ವಾದದಲ್ಲಿ ಈಗ ಅವಳ ಹಳೆಯ ಹೆಂಗಸರ ದನಿಗಳೇ ಕೇಳುತ್ತಿದ್ದವು. ಎಷ್ಟೋ ವರ್ಷ ಜೊತೆಗಿದ್ದರೂ ಇವರಿಗೆ ಇಷ್ಟು ಮಾತು ಬರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಒಂದು ದಿನ ತಂಗಿ ಯಾರಿಗೋ ಜೋರಾಗಿ, ದಾರ ಬಿಗಿಯಾಗಿ ಎಳೆದೆ, ಅದಕ್ಕೇ ಜಗ್ಗಿದೆ, ನನಗೂ ಮೊನ್ನೆ ಹಾಗೇ ಆಗಿತ್ತು ಎನ್ನುವುದು ಕೇಳಿಸಿತು. ಬುಗುರಿ ಹೊಲಿಯುತ್ತಿದ್ದ ನೆತ್ತಿಯಲ್ಲಿ ಸೂಜಿ ಬೆರಳಿಗೆ ಚುಚ್ಚಿತು.

ಆಕಾಶದಲ್ಲಿ ಮೋಡ ಕಾಣಿಸಿಕೊಳ್ಳುವ ಹೊತ್ತಿಗೆ ಯಜಮಾನ ಅವಳನ್ನು ಪಕ್ಕಕ್ಕೆ ಕರೆದ. ನೋಡಮ್ಮ, ಕೇಳಿದ್ದನ್ನು ಕೊಟ್ಟೆ, ಆಗಲಿಲ್ಲ, ಬಾಗಿಲ ಮೇಜನ್ನು ಎತ್ತುತ್ತೇನೆ ಎಂದ. ಆದರೆ ನೀನು ಹೆದರಬೇಡ, ಕಿಟಕಿ ಮೇಜಿನಲ್ಲಿ ನೆತ್ತಿ ಕೂಡಿಸಲು ನಿನಗೊಂದು ಜಾಗ ಇದ್ದೇ ಇದೆ, ತಂಗಿಯಂತೂ ಅಲ್ಲೇ ಇದ್ದಾಳೆ, ಹೋಗುವವರು ನಗಾರಿಯ ಗುಂಪು ಮಾತ್ರ ಎಂದ.

ಅವಳು ಈಚೆಗೆ ಬಂದಳು. ಯಾರನ್ನು ಉಳಿಸಲು ಇಷ್ಟೆಲ್ಲ ಹಾರಾಡಿದಳೋ ಅವರೆಲ್ಲ ಉಳಿದಿದ್ದರು. ತಾನೂ ಉಳಿದಿದ್ದಳು. ಇನ್ನು ಅವನು ಹೇಳಿದ್ದಕ್ಕೆ ಹೂಂ ಅಂದುಬಿಟ್ಟರೆ ಸಾಕಿತ್ತು.

ಕೊಳಾಯಿಯ ಹತ್ತಿರ ನಗಾರಿ ಕೈ ತೊಳೆಯುತ್ತಿದ್ದಳು. ಬುಗುರಿಯ ಮುಖ ನೋಡುತ್ತಲೇ ಅವಳಿಗೆ ವಿಷಯ ತಿಳಿದುಹೋಯಿತು. ಅಂದು ಮಾತ್ರ ಅವಳ ದನಿ ಕೊಳಾಯಿಯ ಸದ್ದಿಗಿಂತ ಮೇಲೇಳಲಿಲ್ಲ.

"ನೀನು ಕೆಟ್ಟವಳಲ್ಲ ಅಕ್ಕ. ನಮ್ಮ ಹಳೇ ಜಾಗದಲ್ಲಿ ಮಾಮ ಉಗಿದಷ್ಟು ನೀನು ಉಗಿದಿಲ್ಲ. ಆದ್ರೆ ನೀನು ಪಕ್ಕದಲ್ಲಿ ಬಂದು ನಿಂತ್ರೆ ನನ್ನ ಕೈ ಕೆಲಸ ಬಿಟ್ಟು ನಿನ್ನ ಕೈನೇ ಕಾಯುತ್ತೆ. ಯಾಕೋ ಗೊತ್ತಿಲ್ಲ. ನಿಂಗೆ ಸಿಗಬಾರದು ಅಂತ ಕೆಟ್ಟಿದ್ದನ್ನ ಬೆಂಚಿನ ಕೆಳಗೆ ತಳ್ತೀನಿ. ನಾನು ಹಂಗೆ ಮಾಡೋಳೇ ಅಲ್ಲ." ಕೊಳಾಯಿ ನಿಲ್ಲಿಸಿದಳು. "ನಾಳೆ ಮನೆಗೆ ಹೋಗಿ ಏನಂತ ಹೇಳ್ಲಿ? ನಂಗೆ ಕೆಲಸ ಬರಲ್ಲ ಅಂತಲಾ?"

ಅಂದು ಬುಗುರಿ ಮನೆಯ ದಾರಿ ಹಿಡಿಯಲಿಲ್ಲ. ಅಂಗಡಿ ಬೀದಿ ದಾಟಿ, ಬಸ್ಸು ತಿರುಗುವ ಜಾಗದ ತನಕ ಹೋಗಿ, ಅಲ್ಲಿಂದ ಹಿಂದಕ್ಕೆ ಬಂದು, ಮತ್ತೆ ಹೋದಳು. ಕಾಲು ಸೋತರೂ ಒಳಗಿನದ್ದು ಸೋಲಲಿಲ್ಲ. ಬೆಂಚಿನ ಕೆಳಗೆ ಎಂದು ನಗಾರಿ ಅಂದದ್ದು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಮನೆ ಸೇರಿದಾಗ ತಂಗಿ ಒಲೆಯ ಮುಂದಿದ್ದಳು. ತಾನು ಅಂದದ್ದು ತಪ್ಪಾಯಿತು, ಎಲ್ಲರೆದುರು ಮಂದ ಅನ್ನಬಾರದಿತ್ತು ಎಂದು ಬುಗುರಿ ನಿಂತಲ್ಲಿಂದಲೇ ಹೇಳಿದಳು.

ತಂಗಿ ತಿರುಗಿ ನೋಡಲಿಲ್ಲ. "ಸುಳ್ಳೇನಲ್ಲ ಬಿಡು. ಆವಾಗ ಮಂದವೇ ಇತ್ತು," ಎಂದಳು. ಒಲೆಯ ಉರಿ ಸರಿಮಾಡಿ, "ಯಾರ ಮನೇಲಿ ಬೆಳೀತು ಆ ಕೈ, ಅದನ್ನ ಯೋಚನೆ ಮಾಡು," ಎಂದಳು.

ಗಂಡನ ಕೈಯ ಗಡಿಯಾರವೊಂದು ಟಿಕ್ ಎಂದು ಶುರುವಾಗಿ ಮತ್ತೆ ನಿಂತಿತು.

ಬೆಳಗ್ಗೆ ಬುಗುರಿ ಯಜಮಾನ ಬಾಗಿಲು ತೆಗೆಯುವುದನ್ನೇ ಕಾದು, ಮಳೆ ಬೀಳುವ ತನಕ ಗಡುವು ಹೇಳಿದ್ದಿರಿ, ಇನ್ನೂ ಬಿದ್ದಿಲ್ಲ ಎಂದಳು. ನನಗೆ ಕಿಟಕಿ ಮೇಜಿನಲ್ಲಿ ಜಾಗ ಬೇಡ, ಈ ಮೇಜಿಗೆ ನಾನು ಮುಖ್ಯಸ್ಥೆಯೂ ಅಲ್ಲ, ಇವರ ಪಾಡಿಗೆ ಇವರನ್ನು ಬಿಟ್ಟು ನೋಡಿ ಎಂದಳು. ಹಾಗಾದರೆ ನೀನೇನು ಮಾಡುತ್ತೀಯ ಎಂದು ಅವನು ಕೇಳಿದ್ದಕ್ಕೆ, ಅದನ್ನಿನ್ನೂ ಯೋಚಿಸಿಲ್ಲ ಎಂದಳು. ನೋಡೋಣ ಎಂದು ಅವನು ಗೊಣಗಿದ. ಅದು ಒಪ್ಪಿಗೆಯೋ ಅಲ್ಲವೋ ಎಂದು ಕೇಳಲು ಅವಳು ನಿಲ್ಲಲಿಲ್ಲ.

ಬೆಂಚುಗಳ ಕೆಳಗೆ ಬಗ್ಗಿ ನೋಡಿದಳು. ನಗಾರಿಯವರು ತಳ್ಳಿದವು ಮುಂದೆ ಇದ್ದವು. ಅವುಗಳ ಹಿಂದೆ, ಧೂಳು ಹಿಡಿದು, ಹಳೆಯ ಹೆಂಗಸರು ತಳ್ಳಿದ್ದವು. ಒಂದೊಂದನ್ನೇ ಹೊರಗೆ ಎಳೆದಳು. ಮುರಿದ ಕಡ್ಡಿ, ಜಗ್ಗಿದ ಬಟ್ಟೆ, ಸೊಟ್ಟ ನೆತ್ತಿ. ಒಂದರ ಗಂಟು ನೋಡಿ ತಂಗಿಯದ್ದೆಂದು ಗುರುತು ಹಿಡಿದಳು. ಗೋಡೆಯಿಂದ ಗೋಡೆಗೆ ಹಗ್ಗ ಬಿಗಿದು ಎಲ್ಲವನ್ನೂ ತಗುಲಿಸುವಷ್ಟರಲ್ಲಿ ಕೆಲಸದವರು ಬಂದರು. ನಗಾರಿ ಬಾಗಿಲಲ್ಲೇ ನಿಂತು ಮೇಲೆ ನೋಡಿ, ಅಬ್ಬಬ್ಬಾ, ಇಷ್ಟು ದಿನ ಬಾವಲಿಗಳ ಮೇಲೇ ಕೂತಿದ್ವಲ್ಲ ಎಂದಳು. ಮೊದಲ ಸಲ ಆ ಮೇಜಿನಲ್ಲಿ ನಗು ಎದ್ದಿತು.

ಅವರು ವಾದ ಶುರು ಮಾಡಿದರು. ಬುಗುರಿ ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತಳು. ಸೊಟ್ಟ ನೆತ್ತಿಯೊಂದನ್ನು ಒಬ್ಬಳು ಬಿಚ್ಚುತ್ತಿದ್ದಳು, ತಪ್ಪಾದ ಕಡೆಯಿಂದ ಬಿಚ್ಚುತ್ತಿದ್ದಳು. ಬುಗುರಿಯ ಬೆರಳುಗಳು ಒಂದನ್ನೊಂದು ಹಿಸುಕಿದವು. ತಡೆಯಲಾರದೆ ಒಂದು ಹೆಜ್ಜೆ ಮುಂದಿಟ್ಟಳು. ನಗಾರಿ ಮರದ ಅಚ್ಚಿನಿಂದ ಅವಳ ಮೊಣಕೈಗೆ ತಟ್ಟಿ, ಹೊರಗೆ ಗಾಳಿ ಚೆನ್ನಾಗಿದೆಯಂತೆ, ಹೋಗಿ ನೋಡಿಕೊಂಡು ಬಾ ಅಕ್ಕ ಎಂದಳು.

ಹೊರಗೆ ಬಂದವಳಿಗೆ ಏನು ಮಾಡಲೂ ತೋಚಲಿಲ್ಲ. ಶೆಡ್ಡನ್ನು ಸುತ್ತು ಹಾಕಿದಳು. ಹಿಂಬದಿಯಲ್ಲಿ ಉಗ್ರಾಣ. ಅದರ ಮುಂದೆ ಕಿಟಕಿ ಮೇಜಿನವಳೊಬ್ಬಳು ಖಾಲಿ ಬುಟ್ಟಿ ಹಿಡಿದು ನಿಂತಿದ್ದಳು, ಕಡ್ಡಿ ಬೇಕಂತೆ. ಉಗ್ರಾಣದವನು ಚಹಾಕ್ಕೆ ಹೋಗಿದ್ದ. ಬುಗುರಿ ಇನ್ನೊಂದು ಸುತ್ತು ಹಾಕಿ ಬಂದಾಗಲೂ ಅವಳು ಅಲ್ಲೇ, ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ದಾರಕ್ಕೆ ಬಂದ ಇನ್ನೊಬ್ಬಳೂ ಸೇರಿದ್ದಳು. ದಿನಾ ಹೀಗೇನಾ ಎಂದು ಬುಗುರಿ ಕೇಳಿದಳು. ಹೌದು, ನಮಗೂ ಕಾಲು ಚಾಚಿಕೊಳ್ಳಲು ಇದೊಂದೇ ಹೊತ್ತು ಎಂದು ಅವರು ನಕ್ಕರು. ತನ್ನ ಮೇಜಿನಿಂದಲೂ ಹೀಗೇ ಒಬ್ಬರಲ್ಲ ಒಬ್ಬರು ಕಾಣೆಯಾಗುತ್ತಿದ್ದರು, ಅವರ ಜಾಗದಲ್ಲಿ ತಾನು ನಿಂತು ಹೊಲಿಯುತ್ತಿದ್ದಳೇ ಹೊರತು ಎಲ್ಲಿ ಹೋದರು ಎಂದು ಒಮ್ಮೆಯೂ ಕೇಳಿರಲಿಲ್ಲ.

ಅವಳು ಚಹಾದಂಗಡಿಗೆ ಓಡಿದಳು. ಉಗ್ರಾಣದವನನ್ನು ಲೋಟದ ಸಮೇತ ಎಬ್ಬಿಸಿಕೊಂಡು ಬಂದಳು. ಅವನು ದಾರಿಯುದ್ದಕ್ಕೂ ಗೊಣಗಿದ, ನಾನೇನು ನಿನ್ನ ಮೇಜಿನವನಾ ಎಂದ. ಮರುದಿನವೂ ಹೋಗಿ ಎಬ್ಬಿಸಿದಳು. ಅದರ ಮರುದಿನ ಅವನೇ ಬೀಗದಕೈ ಅವಳ ಕೈಗೆ ಹಾಕಿ, ತಗೋ ಮಾರಾಯ್ತಿ, ನನ್ನ ಚಹಾ ಆರದಿದ್ದರೆ ಸಾಕು ಎಂದ.

ಅಂದಿನಿಂದ ದಾರ ಮುಗಿಯುವ ಮುಂಚೆ ದಾರ ಬಂತು. ಕಡ್ಡಿ, ಹಿಡಿಕೆ, ಬಟ್ಟೆ, ಎಲ್ಲ ಬಂದವು. ಎರಡೂ ಮೇಜುಗಳಿಗೆ, ಗೋಡೆಯ ಈ ಬದಿಯಿಂದ ಆ ಬದಿಗೆ, ಬೆಳಗಿನಿಂದ ಸಂಜೆಯವರೆಗೆ. ಅವಳ ಕಾಲಿನ ಚಕ್ರಕ್ಕೆ ಕೊನೆಗೂ ಒಂದು ದಾರಿ ಸಿಕ್ಕಿತ್ತು. ಹಾಗೆಂದು ನೆಮ್ಮದಿ ಸಿಕ್ಕಿತೇ? ಇಲ್ಲ. ಹಾದುಹೋಗುವಾಗಲೆಲ್ಲ ಕಣ್ಣು ಮೇಜಿನ ಮೇಲೆ ಬೀಳುತ್ತಿತ್ತು, ಜಾರುವ ತುದಿ ಕಂಡರೆ ನಡಿಗೆ ನಿಧಾನವಾಗುತ್ತಿತ್ತು. ಒಂದೆರಡು ಸಲ ಕಿತ್ತುಕೊಂಡದ್ದೂ ಉಂಟು, ನಗಾರಿಯ ಅಚ್ಚು ಮೊಣಕೈಗೆ ಬಿದ್ದದ್ದೂ ಉಂಟು. ಅದಕ್ಕೇ ಅವಳು ಎರಡೂ ಕೈ ತುಂಬ ಏನಾದರೂ ಹೊತ್ತುಕೊಂಡೇ ಒಳಗೆ ಬರುವುದನ್ನು ರೂಢಿ ಮಾಡಿಕೊಂಡಳು.

ಮೊದಲ ಮಳೆ ತಗಡಿನ ಮೇಲೆ ಬಿದ್ದ ದಿನ ಯಜಮಾನ ಬಂದ. ಮೇಜುಗಳ ಮೇಲಿನ ಕೊಡೆಗಳನ್ನು ಹಿಡಿದುಹಿಡಿದು ಹೊರಗೆ ಮಳೆಗೆ ಒಡ್ಡಿ ನೋಡಿದ. ಬಾಗಿಲ ಮೇಜಿನವು ಯಾವುದು, ಕಿಟಕಿಯವು ಯಾವುದು ಎಂದು ಕೇಳಿದ, ಅವನ್ನು ಬೇರೆಯಾಗಿ ಇಟ್ಟಿರಲಿಲ್ಲ. ಎರಡೂ ಮೇಜಿನವರು ಗೋಡೆಯ ಹತ್ತಿರ ಬಂದು ನಿಂತಿದ್ದರು. ಅವನು ಹಿಡಿದ ಯಾವ ಕೊಡೆಯೂ ಸೋರಲಿಲ್ಲ. ಕೊನೆಗೆ ಅವನು ಒದ್ದೆ ಕೈ ಒರೆಸಿಕೊಳ್ಳುತ್ತ, ಅರ್ಧ ಶೆಡ್ಡು ಬಿಡುವುದಿಲ್ಲ ಎಂದ. ಬಾಗಿಲ ಮೇಜಿಗೆ ಈಗ ಮುಖ್ಯಸ್ಥರು ಯಾರು ಎಂದು ಕೇಳಿದ. ನಾವೇ ಇದೀವಲ್ಲ ಯಜಮಾನ್ರೇ ಎಂದಳು ನಗಾರಿ. ಆ ದನಿ ಉಗ್ರಾಣದವನಿಗೂ ಕೇಳಿರಬೇಕು. ತೂಕಡಿಕೆ ಮಾಮ ಒಂದು ಕಣ್ಣು ತೆರೆದು ಮುಚ್ಚಿದ.

ಮತ್ತೆ ನಿನ್ನನ್ನು ಏನಂತ ಕರೆಯೋಣಮ್ಮ ಎಂದು ಯಜಮಾನ ಬುಗುರಿಯ ಕಡೆ ತಿರುಗಿದ. ಅವಳು ಅಲ್ಲಿರಲಿಲ್ಲ. ಕಿಟಕಿ ಮೇಜಿನಲ್ಲಿ ಯಾರೋ ದಾರ ಎಂದಿದ್ದರು, ಅವಳು ಮಳೆಯಲ್ಲೇ ಓಡಿದ್ದಳು. ಅಷ್ಟು ಕೊಡೆಗಳ ನಡುವಿನಿಂದ ಒಂದನ್ನೂ ಹಿಡಿಯದೆ ತೊಯ್ದು ತೊಪ್ಪೆಯಾಗಿ ಬಂದು, ದಾರದ ಉಂಡೆಯನ್ನು ತಂಗಿಯ ಮುಂದೆ ಇಟ್ಟಳು.

ತಂಗಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಹುಬ್ಬು ಗಂಟಿಕ್ಕಿದಳು.

"ಕರಿ ದಾರ ಕೇಳಿದ್ದು. ನೀಲಿ ತಂದಿದ್ದೀಯಲ್ಲ, ಕಣ್ಣು ಎಲ್ಲಿಟ್ಟುಕೊಂಡು ಹೋಗಿದ್ದೆ?"

ಜೀವಮಾನದಲ್ಲಿ ತಂಗಿ ಅವಳನ್ನು ಗದರಿದ್ದು ಅದೇ ಮೊದಲು. ಬುಗುರಿ ನೀಲಿ ಉಂಡೆಯನ್ನು ಎತ್ತಿಕೊಂಡು ಮತ್ತೆ ಮಳೆಗೆ ಇಳಿದಳು.